ಸರ್ಕಾರಿ ಶಾಲೆಯಿಂದ ಟಿ.ಸಿ. ತಂದು ಮನೆಯಲ್ಲೇ ಕಲಿಸಲು ಹೊರಟವರಿಗೆ

"ಯಾವ ಶಾಲೆಗೆ ಸೇರಿಸ್ತೀರಮ್ಮಾ?"

ಟಿ.ಸಿ. ಕೇಳಲು ಹೋದ ದಿನ ಹೆಡ್‌ಮಾಸ್ಟರು ಕೇಳಿದ ಮೊದಲ ಪ್ರಶ್ನೆ ಇದು. "ಯಾವ ಶಾಲೆಗೂ ಇಲ್ಲ ಸರ್, ಮನೇಲೇ ಕಲಿಸ್ತೀವಿ" ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಅವತ್ತು ಟಿ.ಸಿ. ಸಿಗಲಿಲ್ಲ. ಅದಾಗಿ ಮತ್ತೆ ಮೂರು ಸಲ ಹೋದೆ.

ಆಗ ಮಗಳು 5ನೇ ತರಗತಿ ಮುಗಿಸಿದ್ದಳು. ಮನೆಯಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅಂತ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆವು. ಶಾಲೆಯಿಂದ ಹೊರಗೆ ಬರುವುದು ಹೇಗೆ ಅಂತ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಅರ್ಜಿ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆವು. ಹಾಗಲ್ಲ. ಶಾಲೆ ಅಂದರೆ ಪಾಠ ಅಷ್ಟೇ ಅಲ್ಲ, ಅದೊಂದು ಕಚೇರಿ ಕೂಡ. ಮಗು ಇಂಥ ದಿನ ಹುಟ್ಟಿತು, ಇಂಥ ಊರಲ್ಲಿ ಓದಿತು, ಇಂಥ ಮಾಧ್ಯಮದಲ್ಲಿ ಓದಿತು ಅಂತ ವರ್ಷ ವರ್ಷವೂ ಸದ್ದಿಲ್ಲದೆ ದಾಖಲೆ ಬರೆಯುತ್ತಾ ಹೋಗುತ್ತದೆ. ಮಗುವನ್ನು ಬಿಡಿಸಿದ ದಿನದಿಂದ ಆ ಕಚೇರಿ ಕೆಲಸ ನಿಮ್ಮ ತಲೆ ಮೇಲೆ. ಈ ಬರಹದಲ್ಲಿ ಪಾಠದ ಮಾತು ಕಡಿಮೆ, ಆ ಕೆಲಸದ ಮಾತೇ ಜಾಸ್ತಿ.

ಬಿಡಿಸಲೇಬೇಕಾ?

ಒಬ್ಬ ಮೇಷ್ಟ್ರ ಮೇಲಿನ ಸಿಟ್ಟಿಗೆ, ಒಂದು ಜಗಳಕ್ಕೆ ಮಗುವನ್ನು ಶಾಲೆಯಿಂದಲೇ ಬಿಡಿಸಬೇಡಿ. ಅದಕ್ಕೆ ಬೇರೆ ಶಾಲೆಗೆ ಸೇರಿಸಿದರೆ ಸಾಕು. ಮನೆಯಲ್ಲಿ ಕಲಿಸುವುದೆಂದರೆ ಇಬ್ಬರಲ್ಲಿ ಒಬ್ಬರು ಹೆಚ್ಚುಕಡಿಮೆ ಪೂರ್ತಿ ಹೊತ್ತು ಮನೆಯಲ್ಲಿರಬೇಕು, ಒಂದು ಸಂಬಳ ಬಿಟ್ಟಂತೆ. ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲ ನಿಲ್ಲುತ್ತದೆ. ಶಾಲೆಯ ಮೂಲಕ ಬರುವ ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದು ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಇನ್ನೊಂದು ಮುಖ್ಯ ಮಾತು. ಮಗುವಿಗೆ ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇದ್ದರೆ ಟಿ.ಸಿ. ತೆಗೆದುಕೊಳ್ಳಲೇಬೇಡಿ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ ಇಂಥ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಆಯ್ದುಕೊಳ್ಳುವ ಹಕ್ಕು ಸಿಕ್ಕಿದೆ. ಹೆಸರು ಶಾಲೆಯಲ್ಲೇ ಇರುತ್ತದೆ, ಕಲಿಕೆ ಮನೆಯಲ್ಲಿ ನಡೆಯುತ್ತದೆ. ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ. ಯಾರು ಅಂತ ಕೇಳಿ. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಅವರು. ಮುಂದೆ ಬರೆದಿರುವುದು ಉಳಿದವರಿಗೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯ. ಅದರ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅನ್ನುತ್ತದೆ. ಇದನ್ನು ಮುಚ್ಚಿಟ್ಟು "ಹೋಂಸ್ಕೂಲಿಂಗ್ ಪೂರ್ತಿ ಕಾನೂನುಬದ್ಧ, ಯಾರೂ ಏನೂ ಕೇಳುವಂತಿಲ್ಲ" ಅಂತ ಧೈರ್ಯ ಹೇಳುವವರನ್ನು ನಂಬಬೇಡಿ. "ಜೈಲಿಗೆ ಹಾಕ್ತಾರೆ" ಅನ್ನುವವರನ್ನೂ ನಂಬಬೇಡಿ, ಮಗುವನ್ನು ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಮನೆಯಲ್ಲಿ ಕಲಿಸುವುದಕ್ಕೆ ನೋಂದಣಿ, ಅನುಮತಿ ಅಂತ ಒಂದು ವ್ಯವಸ್ಥೆಯೂ ಅದರಲ್ಲಿ ಇಲ್ಲ. ಅತ್ತ ದರಿ, ಇತ್ತ ಪುಲಿ ಅನ್ನುವಷ್ಟು ಭಯ ಬೇಡ. ಆದರೆ ನಡುವಿನ ಜಾಗದಲ್ಲಿ ನಿಂತಿದ್ದೇವೆ ಅನ್ನುವುದು ನೆನಪಿರಲಿ. ಹಾಗೆ ನಿಂತವರ ಕೈಯಲ್ಲಿ ಕಾಗದ ಇರಬೇಕು.

ಅದೇ ಕಾಯ್ದೆಯಲ್ಲಿ ನಮಗೆ ಅನುಕೂಲವಾದ ಮಾತುಗಳೂ ಇವೆ. ಮಗು ಬೇರೆ ಶಾಲೆಗೆ ಹೋಗಲು ಟಿ.ಸಿ. ಕೇಳಿದರೆ ಮುಖ್ಯ ಶಿಕ್ಷಕರು ತಡಮಾಡದೆ ಕೊಡಬೇಕು, ತಡಮಾಡಿದರೆ ಶಿಸ್ತುಕ್ರಮ ಅನ್ನುತ್ತದೆ 5ನೇ ಸೆಕ್ಷನ್. ಶಾಲೆಯ ಹೊರಗಿರುವ ಮಗು ಯಾವಾಗ ಬಂದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅನ್ನುತ್ತದೆ 4ನೇ ಸೆಕ್ಷನ್. ಈ ಎರಡನೆಯದು ನಮ್ಮ ಮನೆಯಲ್ಲಿ ಎಷ್ಟೋ ರಾತ್ರಿ ನಿದ್ದೆ ಕೊಟ್ಟಿದೆ.

ಟಿ.ಸಿ.ಗಿಂತ ಮೊದಲು ಹತ್ತನೇ ತರಗತಿ

ತಮಾಷೆ ಅನ್ನಿಸಬಹುದು, ಆದರೆ 3ನೇ ತರಗತಿಯ ಮಗುವನ್ನು ಬಿಡಿಸುವಾಗಲೂ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಹತ್ತನೆಯದನ್ನು ಎಲ್ಲಿ ಬರೆಸುತ್ತೀರಿ? ಹೆಡ್‌ಮಾಸ್ಟರು ಕೇಳುವುದೂ ಅದನ್ನೇ, ಅಜ್ಜಿ ಕೇಳುವುದೂ ಅದನ್ನೇ. ಉತ್ತರ ಇದ್ದರೆ ಅರ್ಧ ವಾದ ಅಲ್ಲೇ ನಿಲ್ಲುತ್ತದೆ.

ಬಹಳ ಜನ ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಅನ್ನುವ ಹೆಸರಲ್ಲಿ ಶುರುವಾದದ್ದು. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ಸ್ವಾಯತ್ತ ಸಂಸ್ಥೆ. ಸೆಕೆಂಡರಿ, ಅಂದರೆ ಹತ್ತನೇ ತರಗತಿಗೆ ಸಮನಾದ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು. 8ನೆಯದು ಪಾಸಾದ ಪತ್ರ ಇಲ್ಲದಿದ್ದರೆ, ಈ ಕೋರ್ಸ್ ಓದುವಷ್ಟು ಕಲಿತಿದ್ದೇನೆ ಅಂತ ಸ್ವಯಂ ದೃಢೀಕರಣ ಕೊಡಬಹುದು. ಮನೆಯಲ್ಲಿ ಕಲಿತ ಮಕ್ಕಳಿಗೆ ಬಾಗಿಲು ತೆರೆಯುವುದೇ ಈ ಒಂದು ಸಾಲು. ಪಾಸಾಗಲು 5 ವಿಷಯ ಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ. ಕನ್ನಡ ಇದೆ, ವಿಷಯ ಸಂಖ್ಯೆ 208. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ. ಒಮ್ಮೆ ಸೇರಿದರೆ 5 ವರ್ಷದ ಒಳಗೆ ಮುಗಿಸಬೇಕು. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕೆಂದಿಲ್ಲ. ನಮ್ಮವಳು ಮೊದಲು ಕನ್ನಡ ಮತ್ತು ಗೃಹವಿಜ್ಞಾನ ಬರೆದಳು. ಗಣಿತಕ್ಕೆ ಅವಳಿಗೆ ಹೊತ್ತು ಬೇಕಿತ್ತು, ಅದು ಮುಂದಿನ ಸರದಿಗೆ ಹೋಯಿತು.

ಚಿಕ್ಕ ಮಕ್ಕಳಿಗೂ ಅಲ್ಲಿ ಮುಕ್ತ ಮೂಲ ಶಿಕ್ಷಣ ಅಂತ ಮೂರು ಹಂತ ಇದೆ. ಎ ಹಂತ 3ನೇ ತರಗತಿಗೆ ಸಮ, ಬಿ 5ಕ್ಕೆ, ಸಿ 8ಕ್ಕೆ. ಇದು ಮಾನ್ಯತೆ ಪಡೆದ ಕೇಂದ್ರಗಳ ಮೂಲಕವೇ ನಡೆಯುತ್ತದೆ. ನಿಮ್ಮ ಹತ್ತಿರ ಅಂಥ ಕೇಂದ್ರ ಇದೆಯಾ ಅಂತ ಬೆಂಗಳೂರಿನ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ. ಇದ್ದರೆ ನಿಮ್ಮ ಅದೃಷ್ಟ. "ಯಾವ ಶಾಲೆಗೆ ಸೇರಿಸ್ತೀರಿ" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ಎರಡನೇ ದಾರಿ ನಮ್ಮ ರಾಜ್ಯದ್ದೇ ಎಸ್‌ಎಸ್‌ಎಲ್‌ಸಿ, ಖಾಸಗಿ ಅಭ್ಯರ್ಥಿಯಾಗಿ. ಇದಕ್ಕೆ 15 ವರ್ಷ ತುಂಬಿರಬೇಕು. ಮನೆಯಲ್ಲಿ ರಾಜ್ಯ ಪಠ್ಯವನ್ನೇ ಓದಿಸುವವರಿಗೆ ಇದು ಹತ್ತಿರದ ದಾರಿ. ನಿಯಮಗಳು ಆಗಾಗ ಬದಲಾಗುತ್ತವೆ, ಆ ವರ್ಷದ ಸುತ್ತೋಲೆಯನ್ನು ಹತ್ತಿರದ ಪ್ರೌಢಶಾಲೆಯಲ್ಲಿ ಕೇಳಿ ಓದಿ.

ಮೂರನೆಯದು, 8ಕ್ಕೋ 9ಕ್ಕೋ ಮತ್ತೆ ಶಾಲೆಗೆ ಸೇರಿಸುವುದು. ಇದನ್ನು ಸೋಲು ಅಂದುಕೊಳ್ಳುವವರಿದ್ದಾರೆ. ಯಾಕೋ ಗೊತ್ತಿಲ್ಲ.

ಸಿ.ಇ.ಟಿ. ಲೆಕ್ಕ: ಯಾರೂ ಮೊದಲೇ ಹೇಳದ ವಿಷಯ

ಇಲ್ಲಿ ಸ್ವಲ್ಪ ನಿಂತು ಓದಿ. ನಾವು ಎಡವಿದ್ದು ಇಲ್ಲೇ.

ಕರ್ನಾಟಕದ ಸಿ.ಇ.ಟಿ.ಯಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯವಾಗಿ ಅಭ್ಯರ್ಥಿ 1ನೇ ತರಗತಿಯಿಂದ 12ರವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದನ್ನು ತೋರಿಸುವುದು ವ್ಯಾಸಂಗ ಪ್ರಮಾಣ ಪತ್ರದಿಂದ, ಅದರ ಮೇಲೆ ಬಿ.ಇ.ಒ. ಮೇಲುಸಹಿ. ಮನೆಯಲ್ಲಿ ಓದಿದ ವರ್ಷಕ್ಕೆ ಈ ಪತ್ರ ಯಾರು ಕೊಡುತ್ತಾರೆ? ಯಾರೂ ಇಲ್ಲ. ಅಂದರೆ 5ನೇ ತರಗತಿ ಮುಗಿಸಿ ಬಿಟ್ಟ ಮಗುವಿನ ಕೈಯಲ್ಲಿ 5 ವರ್ಷದ ಪತ್ರ ಇರುತ್ತದೆ. ಮುಂದೆ ಇಲ್ಲಿಯೇ ಕಾಲೇಜಿಗೆ ಹೋಗಿ 2 ವರ್ಷ ಪಿಯುಸಿ ಓದಿದರೆ 7 ಆಗುತ್ತದೆ. 2ನೇ ತರಗತಿಗೇ ಬಿಡಿಸಿದರೆ ಕೂಡಿಸಿದರೂ ಆಗುವುದಿಲ್ಲ. ಪೋಷಕರ ಓದು, ಊರಿನ ಆಧಾರದ ಮೇಲೆ ಬೇರೆ ಷರತ್ತುಗಳೂ ಇವೆ. ಹಾಗಾಗಿ ಸಿ.ಇ.ಟಿ. ನಡೆಸುವ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಮಗು ಚಿಕ್ಕದಿದ್ದಾಗಲೇ ಒಮ್ಮೆ ಓದಿ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಕಥೆ ಇನ್ನೂ ಬಿಗಿ. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ 10 ವರ್ಷದ ಓದಿನ ದಾಖಲೆ ಕೇಳುತ್ತಾರೆ. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಕನ್ನಡದಲ್ಲೇ ಕಲಿತರೂ ಶಾಲೆಯ ದಾಖಲೆ ಇಲ್ಲದಿದ್ದರೆ ಅದನ್ನು ತೋರಿಸುವ ದಾರಿ ಇಲ್ಲ. ನಮಗೆ ಇದು ಗೊತ್ತಾದದ್ದು ಟಿ.ಸಿ. ತಂದು ಎರಡು ವರ್ಷ ಆದ ಮೇಲೆ. ಗೊತ್ತಿದ್ದರೂ ಬಿಡಿಸುತ್ತಿದ್ದೆವೇನೋ. ಆದರೆ ಗೊತ್ತಿದ್ದು ಬಿಡಿಸುವುದೇ ಬೇರೆ, ಅಲ್ವಾ?

ನೀಟ್ ಬಗ್ಗೆಯೂ ಕೇಳುತ್ತಾರೆ. ಮುಕ್ತ ಶಾಲೆಯವರು ಬರೆಯುವಂತಿಲ್ಲ ಅನ್ನುವ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲೇ ತೆಗೆದುಹಾಕಿತು. ಆ ಹಳೇ ಹೆದರಿಕೆ ಈಗ ಬೇಡ.

ಶಾಲೆಯಲ್ಲಿರುವಾಗಲೇ ಎತ್ತಿಕೊಳ್ಳಬೇಕಾದ ಕಾಗದ

ಟಿ.ಸಿ. ಕೈಗೆ ಬಂದ ಮೇಲೆ ನೀವು ಆ ಶಾಲೆಗೆ ಹಳಬರು. ಆಮೇಲೆ ಒಂದೊಂದು ಕಾಗದಕ್ಕೂ ಓಡಾಟ. ಆದ್ದರಿಂದ ಫೆಬ್ರವರಿ, ಮಾರ್ಚ್‌ನಲ್ಲೇ ಇವನ್ನು ಮುಗಿಸಿ:

- ಓದಿದ ಎಲ್ಲ ವರ್ಷಗಳ ವ್ಯಾಸಂಗ ಪ್ರಮಾಣ ಪತ್ರ. ಮಾಧ್ಯಮ, ಊರು, ತಾಲ್ಲೂಕು ಸ್ಪಷ್ಟವಾಗಿ ಇರಲಿ. ಆಗುವುದಾದರೆ ಬಿ.ಇ.ಒ. ಮೇಲುಸಹಿಯನ್ನೂ ಈಗಲೇ ಮಾಡಿಸಿ.
- ಪ್ರತಿ ವರ್ಷದ ಪ್ರಗತಿ ಪತ್ರ.
- ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸಂಖ್ಯೆ), ದಾಖಲಾತಿ ರಿಜಿಸ್ಟರಿನ ಸಂಖ್ಯೆ. ಇವೆರಡನ್ನೂ ಮನೆಯ ಪುಸ್ತಕದಲ್ಲಿ ಬರೆದಿಡಿ.
- ಜನನ ಪ್ರಮಾಣ ಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನ, ತಂದೆ ತಾಯಿ ಹೆಸರು ಒಂದೇ ಇದೆಯಾ ಅಂತ ನೋಡುವುದು.

ಕೊನೆಯದಕ್ಕೆ ಜಾಸ್ತಿ ಗಮನ ಕೊಡಿ. ನಮ್ಮವಳ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಶಾಲೆಯಲ್ಲಿ ಹೆಸರಿನ ಹಿಂದೆ. ಒಂದು ಅಕ್ಷರ ಅಷ್ಟೇ. ಮಗು ಶಾಲೆಯಲ್ಲಿರುವಾಗ ಅರ್ಜಿ ಕೊಟ್ಟು ಸರಿಮಾಡಿಸುವುದು ಸುಲಭ. ಟಿ.ಸಿ. ಬರೆದಾದ ಮೇಲೆ ಕಷ್ಟ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲಂತೂ ಕೇಳಲೇಬೇಡಿ.

ಯಾವಾಗ ಹೋಗಬೇಕು, ಏನು ಹೇಳಬೇಕು

ವರ್ಷದ ನಡುವೆ ಬಿಡಿಸಬೇಡಿ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ, ಆಗ ಹೋಗಿ. ತರಗತಿ ಪೂರ್ತಿಯಾಗಿ ಪಾಸಾಗಿದೆ ಅಂತ ಟಿ.ಸಿ.ಯಲ್ಲಿ ಬರುತ್ತದೆ, ಒಂದು ವರ್ಷ ಉಳಿಯುತ್ತದೆ. ಸುಮ್ನೆ ಕಳಿಸುವುದನ್ನು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಹಾಜರಾತಿಯಲ್ಲಿ ಗೈರು ಬೀಳುತ್ತಾ ಹೋಗುತ್ತದೆ, ಕೊನೆಗೆ ಮಗುವಿನ ಹೆಸರು "ಶಾಲೆ ಬಿಟ್ಟ ಮಕ್ಕಳು" ಪಟ್ಟಿಗೆ ಸೇರುತ್ತದೆ.

ಹೆಡ್‌ಮಾಸ್ಟರು ಯಾಕೆ ಹಿಂದೆಮುಂದೆ ನೋಡುತ್ತಾರೆ ಅನ್ನುವುದು ನನಗೆ ಮೂರನೇ ಭೇಟಿಯಲ್ಲಿ ಅರ್ಥವಾಯಿತು. ಸರ್ಕಾರಿ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಕ್ಕಳು ಕಡಿಮೆಯಾದರೆ ಒಬ್ಬರು ಮೇಷ್ಟ್ರು "ಹೆಚ್ಚುವರಿ" ಆಗಿ ಬೇರೆ ಊರಿಗೆ ಹೋಗಬೇಕು. ನಲವತ್ತು ಮಕ್ಕಳಿರುವ ಶಾಲೆಯಲ್ಲಿ ಒಂದು ಮಗು ಅಂದರೆ ಸಣ್ಣ ಮಾತಲ್ಲ. ಅದರ ಮೇಲೆ, ಟಿ.ಸಿ. ಪಡೆದ ಮಗುವನ್ನು ಇನ್ನೊಂದು ಶಾಲೆ ಸ್ಯಾಟ್ಸ್‌ನಲ್ಲಿ ಸೇರಿಸಿಕೊಳ್ಳದಿದ್ದರೆ "ಆ ಮಗು ಎಲ್ಲಿ?" ಅಂತ ಮೇಲಿನವರು ಕೇಳುವುದು ಇವರನ್ನೇ. ಅವರ ಹಟಕ್ಕೆ ಕಾರಣ ಇದೆ. ಜಗಳಕ್ಕೆ ಇಳಿದರೆ ಕಳೆದುಕೊಳ್ಳುವುದು ನಾವು.

ನನ್ನ ಮೊದಲ ಅರ್ಜಿಯಲ್ಲಿ "ಇನ್ನು ಮುಂದೆ ಮಗಳನ್ನು ಶಾಲೆಗೆ ಕಳುಹಿಸುವುದಿಲ್ಲ" ಅಂತ ಬರೆದಿದ್ದೆ. ಓದಿದವರಿಗೆ ಮದುವೆ ಮಾಡ್ತಾರೇನೋ, ಕೂಲಿಗೆ ಕಳಿಸ್ತಾರೇನೋ ಅನ್ನಿಸಿದರೆ ತಪ್ಪೇನು? ನಾಲ್ಕನೇ ಸಲ ಹೀಗೆ ಬರೆದುಕೊಟ್ಟೆ:

"ಮಾನ್ಯ ಮುಖ್ಯ ಶಿಕ್ಷಕರಿಗೆ,

ನಿಮ್ಮ ಶಾಲೆಯಲ್ಲಿ 5ನೇ ತರಗತಿ ಉತ್ತೀರ್ಣಳಾದ ನನ್ನ ಮಗಳ (ಹೆಸರು, ಸ್ಯಾಟ್ಸ್ ಸಂಖ್ಯೆ) ಶಿಕ್ಷಣವನ್ನು ಮುಂದಿನ ಶೈಕ್ಷಣಿಕ ವರ್ಷದಿಂದ ಮನೆಯಲ್ಲಿ ನಾವೇ ಮುಂದುವರಿಸುತ್ತೇವೆ. 14 ವರ್ಷ ತುಂಬಿದ ನಂತರ ಎನ್‌ಐಒಎಸ್ ಸೆಕೆಂಡರಿ ಪರೀಕ್ಷೆಗೆ ಕೂರಿಸುತ್ತೇವೆ. ಆಕೆಯ ಕಲಿಕೆಯ ಪೂರ್ತಿ ಹೊಣೆ ಪೋಷಕರಾದ ನಮ್ಮದು. ಆಕೆಯನ್ನು ಯಾವುದೇ ದುಡಿಮೆಗೆ ಕಳುಹಿಸುವುದಿಲ್ಲ. ದಯವಿಟ್ಟು ವರ್ಗಾವಣೆ ಪತ್ರ, ಪ್ರಗತಿ ಪತ್ರ ಮತ್ತು ವ್ಯಾಸಂಗ ಪ್ರಮಾಣ ಪತ್ರ ನೀಡಬೇಕಾಗಿ ಕೋರುತ್ತೇವೆ.

ಇಂತಿ, ತಂದೆ ಮತ್ತು ತಾಯಿ (ಇಬ್ಬರ ಸಹಿ, ದಿನಾಂಕ, ವಿಳಾಸ)"

ಎರಡು ಪ್ರತಿ ಮಾಡಿ. ಒಂದರ ಮೇಲೆ ಸ್ವೀಕೃತಿ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಬಿ.ಇ.ಒ.ಗೂ ಒಂದು ಪ್ರತಿ ಹೋಗಲಿ. ತಂದೆ ತಾಯಿ ಇಬ್ಬರೂ ಹೋದರೆ ಒಳ್ಳೆಯದು. ನಾನು ಒಬ್ಬಳೇ ಹೋದಾಗ "ಯಜಮಾನರಿಗೆ ಗೊತ್ತಾ?" ಅಂತ ಕೇಳಿದ್ದರು. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಮೊದಲೇ ಒಂದು ಮಾತು ಹೇಳಿಡಿ. ಅವರೂ ನಿಮ್ಮ ಹಾಗೆ ಪೋಷಕರೇ. ಊರಲ್ಲಿ ಸುದ್ದಿ ಬೇರೆ ಬಾಯಿಂದ ತಲುಪಿದರೆ ಬಣ್ಣ ಕಟ್ಟಿಕೊಂಡು ಬರುತ್ತದೆ.

ಟಿ.ಸಿ.ಯನ್ನು ಅಲ್ಲೇ ಕೂತು ಓದಿ. ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯಾ? ಜಾತಿ ಕಾಲಂ ನಿಮ್ಮ ಜಾತಿ ಪ್ರಮಾಣ ಪತ್ರಕ್ಕೆ ಹೊಂದುತ್ತದಾ? "ಶಾಲೆ ಬಿಡಲು ಕಾರಣ" ಅನ್ನುವಲ್ಲಿ ಏನು ಬರೆದಿದ್ದಾರೆ? "ಪೋಷಕರ ಕೋರಿಕೆಯಂತೆ" ಅಂತ ಇದ್ದರೆ ಸಾಕು. "ದೀರ್ಘ ಗೈರುಹಾಜರಿ" ಅಂತ ಇದ್ದರೆ ಮುಂದೆ ಎಲ್ಲೆಲ್ಲೂ ವಿವರಣೆ ಕೊಡಬೇಕು.

ಕೆಲವರು ಒಂದು ಅಡ್ಡದಾರಿ ಹೇಳಿಕೊಡುತ್ತಾರೆ. ಯಾವುದೋ ಖಾಸಗಿ ಶಾಲೆಯಲ್ಲಿ ಹೆಸರು ಮಾತ್ರ ಇರಲಿ, ಫೀಸ್ ಕಟ್ಟಿ, ಹಾಜರಾತಿ ಅವರು ನೋಡಿಕೊಳ್ಳುತ್ತಾರೆ ಅಂತ. ಕಾಗದದ ತಲೆನೋವು ಹೋಗುತ್ತದೆ, ನಿಜ. ಆದರೆ ಸುಳ್ಳು ಹಾಜರಾತಿಯ ಮೇಲೆ ಹುಟ್ಟಿದ ಪತ್ರ ಅದು. ಸಿಕ್ಕಿಬಿದ್ದರೆ ಹೋಗುವುದು ಮಗುವಿನ ಸೀಟು. ನಾವು ಬೇಡ ಅಂದೆವು.

ಸಿ.ಆರ್.ಪಿ. ಮನೆಗೆ ಬಂದಾಗ

ಸಿ.ಆರ್.ಪಿ. ಅಂದರೆ ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಬರುತ್ತಾರೆ ಅಂದುಕೊಂಡೇ ಇರಿ. ಶಾಲೆಯ ಹೊರಗಿರುವ ಮಕ್ಕಳನ್ನು ಹುಡುಕುವುದು ಅವರ ಕೆಲಸ, ಅವರು ಬರದಿದ್ದರೇ ಬೇಜಾರಾಗಬೇಕು. ನಮ್ಮ ಮನೆಗೆ ಬಂದವರು ಮೊದಲು ನೋಡಿದ್ದು ಮಗಳ ಕೈಯನ್ನು. ಕೆಲಸದ ಕೈಯೋ ಅಂತ ನೋಡಿದರು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಕಾಫಿ ಕೊಟ್ಟು ಫೈಲ್ ಮುಂದಿಟ್ಟೆ. ಮಗಳು ತಾನು ಬರೆದ ಕೆರೆ ಹಕ್ಕಿಗಳ ಪುಸ್ತಕ ತಂದು ತೋರಿಸಿದಳು. ಅರ್ಧ ಗಂಟೆ ಕೂತರು. "ಏನಾದ್ರೂ ಬದಲಾದ್ರೆ ಸ್ಕೂಲಿಗೆ ಬನ್ನಿ" ಅಂದು ಹೋದರು.

ಫೈಲಿನಲ್ಲಿ ಇಷ್ಟಿರಲಿ: ಅರ್ಜಿಯ ಸ್ವೀಕೃತಿ ಪ್ರತಿ, ಟಿ.ಸಿ., ತಿಂಗಳಿಗೊಂದು ಹಾಳೆಯಲ್ಲಿ ಏನು ಕಲಿತಳು ಅನ್ನುವ ಟಿಪ್ಪಣಿ, ಅವಳದೇ ಬರವಣಿಗೆಯ ಕೆಲವು ಹಾಳೆ (ದಿನಾಂಕ ಹಾಕಿ), ಲಸಿಕೆ ಕಾರ್ಡು. ಶಾಲೆ ನಡೆಯುವ ಹೊತ್ತಿನಲ್ಲಿ ಮಗುವನ್ನು ನಿಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಬೇಡಿ. ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ನಿಜ. ಆದರೆ ನೋಡಿದವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಅವರ ತಪ್ಪಲ್ಲ. ಸಂಜೆ ಕೂರಿಸಿ.

ಮೊದಲ ಕೆಲವು ತಿಂಗಳು

ಜೂನ್ ಮೊದಲ ವಾರ ಎಲ್ಲ ಮಕ್ಕಳೂ ಬ್ಯಾಗ್ ಹಾಕಿಕೊಂಡು ಹೊರಟಾಗ ನಿಮ್ಮ ಮಗು ಬಾಗಿಲಲ್ಲಿ ನಿಂತು ನೋಡುತ್ತದೆ. ಆ ವಾರ ಕಷ್ಟ. ನಾವು ಅವಳನ್ನು ಅಜ್ಜಿ ಊರಿಗೆ ಕರೆದುಕೊಂಡು ಹೋಗಿದ್ದೆವು.

ಬಂದ ಮೇಲೆ ನಾನು ಮಾಡಿದ ತಪ್ಪು, ಗೋಡೆಗೆ ಟೈಂಟೇಬಲ್ ಅಂಟಿಸಿದ್ದು. 10ಕ್ಕೆ ಗಣಿತ, 11ಕ್ಕೆ ಇಂಗ್ಲಿಷ್. ಎರಡೇ ವಾರಕ್ಕೆ ಇಬ್ಬರಿಗೂ ಮುಖ ನೋಡಿದರೆ ಸಿಟ್ಟು. ತರಗತಿಯಲ್ಲಿ ಮೂವತ್ತು ಮಕ್ಕಳ ನಡುವೆ 40 ನಿಮಿಷ ಬೇಕಾಗುವ ಪಾಠ ಒಂದೇ ಮಗುವಿಗೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಎರಡು ಗಂಟೆ ಗಟ್ಟಿ ಕೂತರೆ ಸಾಕು. ಉಳಿದದ್ದು ಓದು, ಆಟ, ತೋಟ, ಅಡುಗೆಮನೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕ ಪುಕ್ಕಟೆ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ನಲಿ-ಕಲಿಯ ಕಾರ್ಡುಗಳ ಕ್ರಮವನ್ನು ಒಮ್ಮೆ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಮಗು ತನ್ನ ವೇಗಕ್ಕೆ ಮೆಟ್ಟಿಲು ಹತ್ತುತ್ತದೆ. ಮನೆಗೆ ಹೇಳಿಮಾಡಿಸಿದ ಹಾಗಿದೆ. ನಾವು ಬಿಟ್ಟು ಬಂದ ಶಾಲೆಯಿಂದಲೇ ಕಲಿತದ್ದು ಅನ್ನುವುದಕ್ಕೆ ನನಗೇನೂ ನಾಚಿಕೆ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಗುವನ್ನು ಸದಸ್ಯಳನ್ನಾಗಿ ಮಾಡಿ. ಸಂಜೆ ಹಳೇ ಗೆಳತಿಯರ ಜೊತೆ ಆಟ ತಪ್ಪಿಸಬೇಡಿ. ನಮ್ಮವಳು ಈಗಲೂ ಶಾಲೆಯ ಮೈದಾನದಲ್ಲೇ ಖೋಖೋ ಆಡುತ್ತಾಳೆ. ಬಾಗಿಲು ತೆಗೆದುಕೊಡುವುದು ಅದೇ ಹೆಡ್‌ಮಾಸ್ಟರು.

ವಾಪಸ್ ಹೋಗಬೇಕಾದರೆ

ಒಂದು ವರ್ಷ ನೋಡಿ, ಆಗಲಿಲ್ಲ ಅಂದರೆ ಟಿ.ಸಿ. ಹಿಡಿದು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ವಯಸ್ಸಿಗೆ ತಕ್ಕ ತರಗತಿ ಕೇಳಿ. ಹಿಂದಿನ ವರ್ಷದ ಅಂಕಪಟ್ಟಿ ಇಲ್ಲ ಅಂತ 10 ವರ್ಷದ ಮಗುವನ್ನು ಮತ್ತೆ 3ನೇ ತರಗತಿಯಲ್ಲಿ ಕೂರಿಸುವಂತಿಲ್ಲ. ಹಿಂದೆ ಬಿದ್ದ ವಿಷಯ ಇದ್ದರೆ ವಿಶೇಷ ತರಬೇತಿ ಕೊಡಬೇಕು. ಅದೂ 4ನೇ ಸೆಕ್ಷನ್ನಿನಲ್ಲೇ ಇದೆ. 14 ದಾಟಿದ ಮೇಲೆ ಈ ಕಾಯ್ದೆಯ ಬಲದಲ್ಲಿ ಹೊಸದಾಗಿ ಸೇರಿಸಿ ಅಂತ ಕೇಳಲಾಗುವುದಿಲ್ಲ. ಅಂದರೆ ಈ ಹಕ್ಕಿನ ಬಲದಲ್ಲಿ ತೀರ್ಮಾನ ಬದಲಿಸುವ ಗಡುವು 8ನೇ ತರಗತಿಯ ಹೊತ್ತಿಗೆ.

ಎನ್‌ಐಒಎಸ್‌ನಲ್ಲಿ ಹತ್ತನೆಯದು ಮುಗಿಸಿ ಪಿಯು ಕಾಲೇಜಿಗೆ ಸೇರುವವರು ಅಂಕಪಟ್ಟಿಯ ಜೊತೆ ಅವರು ಕೊಡುವ ಮೈಗ್ರೇಷನ್ ಪತ್ರವನ್ನೂ ಇಟ್ಟುಕೊಳ್ಳಿ, ಕಾಲೇಜಿನವರು ಮೂಲ ಪ್ರತಿಯನ್ನೇ ಕೇಳುತ್ತಾರೆ. ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ತೆಗೆಸಿಡಿ. ಐದನೆಯದು ಸಿ.ಇ.ಟಿ. ದಾಖಲೆ ಪರಿಶೀಲನೆಯ ಹಿಂದಿನ ದಿನ ಬೇಕಾಗುತ್ತದೆ, ಅದಕ್ಕೊಂದು ಜಾಸ್ತಿ ತೆಗೆಸಿ.